ಗಣಕಯಂತ್ರ ಬಿಡಿಭಾಗಗಳ ಆನ್‌ಲೈನ್ ಖರೀದಿ (ಭಾರತ)

ಗಣಕಯಂತ್ರ ಬಿಡಿಭಾಗಗಳ ಆನ್‌ಲೈನ್ ಖರೀದಿ ಎಂದರೆ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್ ಮುಂತಾದ ಯಂತ್ರಾಂಶಗಳನ್ನು ಅಂತರಜಾಲದ ಮಳಿಗೆಗಳ ಮೂಲಕ ಕೊಳ್ಳುವ ವ್ಯವಹಾರ. ಈ ಸರಕು ದುಬಾರಿಯಾದದ್ದು, ಸೂಕ್ಷ್ಮವಾದದ್ದು ಮತ್ತು ಬರಿಗಣ್ಣಿಗೆ ಅಸಲಿ-ನಕಲಿಯ ಭೇದ ಸುಲಭವಾಗಿ ಕಾಣಿಸದಂಥದ್ದು. ಆದುದರಿಂದ ವಸ್ತುವಿನ ಆಯ್ಕೆಯಷ್ಟೇ ಮಾರಾಟಗಾರರ ಆಯ್ಕೆಯೂ ಮುಖ್ಯವಾಗುತ್ತದೆ. ಭಾರತದಲ್ಲಿ ಈ ವ್ಯವಹಾರವು ಮುಖ್ಯವಾಗಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಹಾಗೂ ಅದರ ಅಡಿಯಲ್ಲಿ ರಚಿತವಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಇವುಗಳ ವ್ಯಾಪ್ತಿಗೆ ಬರುತ್ತದೆ. ಮಾರಾಟಗಾರರ ಗುರುತು, ತೆರಿಗೆ ಸಹಿತ ಬಿಲ್ಲು, ವಾರಂಟಿಯ ಸ್ವರೂಪ, ಹಿಂದಿರುಗಿಸುವ ನಿಯಮ ಮತ್ತು ಪಾವತಿಯ ವಿಧಾನ ಇವು ವಿಶ್ವಾಸಾರ್ಹತೆಯನ್ನು ಅಳೆಯುವ ಪ್ರಮುಖ ಅಂಶಗಳು.

ಹಿನ್ನೆಲೆ

ಅಂತರಜಾಲ ಮಾರಾಟ ಬರುವ ಮುನ್ನ ಭಾರತದಲ್ಲಿ ಗಣಕಯಂತ್ರದ ಬಿಡಿಭಾಗಗಳ ವ್ಯಾಪಾರವು ಕೆಲವು ನಗರಗಳ ನಿರ್ದಿಷ್ಟ ಬೀದಿಗಳಲ್ಲಿ ಕೇಂದ್ರೀಕೃತವಾಗಿತ್ತು. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚೀ ಸ್ಟ್ರೀಟ್ ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆ ಇವುಗಳಲ್ಲಿ ಪ್ರಸಿದ್ಧವಾದವು. ಈ ಬೀದಿಗಳಲ್ಲಿ ಗ್ರಾಹಕನು ನಾಲ್ಕಾರು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುತ್ತಿದ್ದನು. ದೋಷ ಕಂಡುಬಂದರೆ ಅದೇ ಅಂಗಡಿಗೆ ಮರಳಿ ಹೋಗುವುದೇ ಪರಿಹಾರದ ಮುಖ್ಯ ದಾರಿಯಾಗಿತ್ತು. ಜಿಲ್ಲೆ ಮತ್ತು ತಾಲ್ಲೂಕು ಕೇಂದ್ರಗಳ ಗ್ರಾಹಕರು ಇಂತಹ ನಗರಗಳಿಗೆ ಪ್ರಯಾಣ ಮಾಡಬೇಕಿತ್ತು, ಇಲ್ಲವೇ ಸ್ಥಳೀಯ ಅಂಗಡಿಯವರು ತರಿಸಿಕೊಟ್ಟದ್ದನ್ನು ಅವರು ಹೇಳಿದ ಬೆಲೆಗೆ ಕೊಳ್ಳಬೇಕಿತ್ತು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ವಸ್ತು ತಲುಪಿದ ಮೇಲೆ ನಗದು ಪಾವತಿಸುವ ಸೌಲಭ್ಯವನ್ನು ಒದಗಿಸಿತು. ಅಮೆಜಾನ್ ಸಂಸ್ಥೆಯ ಭಾರತೀಯ ತಾಣವು 2013ರಲ್ಲಿ ಆರಂಭವಾಯಿತು. ಇದೇ ಅವಧಿಯಲ್ಲಿ ಮೇಲೆ ಹೇಳಿದ ಬೀದಿಗಳ ಹಲವು ಅಂಗಡಿಗಳೂ ತಮ್ಮದೇ ಜಾಲತಾಣಗಳನ್ನು ತೆರೆದು ದೇಶದಾದ್ಯಂತ ಸರಕು ಕಳುಹಿಸತೊಡಗಿದವು. ಇದರಿಂದ ಸಣ್ಣ ಊರಿನ ಗ್ರಾಹಕರಿಗೆ ಆಯ್ಕೆ ಹೆಚ್ಚಾಯಿತು. ಆದರೆ ಮಾರಾಟಗಾರನ ಮುಖಪರಿಚಯ, ವಸ್ತುವಿನ ಪ್ರತ್ಯಕ್ಷ ಪರೀಕ್ಷೆ ಮತ್ತು ಅಂಗಡಿಗೆ ಮರಳಿ ಹೋಗುವ ಅವಕಾಶ ಈ ಮೂರೂ ಇಲ್ಲವಾದವು. ಇವುಗಳ ಸ್ಥಾನವನ್ನು ದಾಖಲೆ, ನಿಯಮ ಮತ್ತು ಪರಿಶೀಲನೆಗಳು ತುಂಬಬೇಕಾಯಿತು.

ಮಾರಾಟ ತಾಣಗಳ ವಿಧಗಳು

2020ರ ಇ-ವಾಣಿಜ್ಯ ನಿಯಮಗಳು ಮಾರಾಟ ತಾಣಗಳನ್ನು ಎರಡು ಮಾದರಿಗಳಾಗಿ ವಿಂಗಡಿಸುತ್ತವೆ.

ದಾಸ್ತಾನು ಮಾದರಿ: ತಾಣದ ಒಡೆಯನೇ ಸರಕಿನ ಒಡೆಯನೂ ಆಗಿರುತ್ತಾನೆ ಮತ್ತು ಗ್ರಾಹಕನಿಗೆ ನೇರವಾಗಿ ಮಾರುತ್ತಾನೆ. ಬಿಡಿಭಾಗಗಳಿಗೆಂದೇ ಮೀಸಲಾದ ಹೆಚ್ಚಿನ ಮಳಿಗೆಗಳು ಈ ಬಗೆಯವು. ಇಲ್ಲಿ ಬಿಲ್ಲು ಕೊಡುವವರು, ಸರಕು ಕಳುಹಿಸುವವರು ಮತ್ತು ದೂರಿಗೆ ಉತ್ತರಿಸಬೇಕಾದವರು ಒಬ್ಬರೇ.

ಮಾರುಕಟ್ಟೆ ಮಾದರಿ: ತಾಣವು ಕೊಳ್ಳುವವರು ಮತ್ತು ಮಾರುವವರ ನಡುವಿನ ವೇದಿಕೆ ಮಾತ್ರ. ವಿದೇಶಿ ನೇರ ಹೂಡಿಕೆಯಿರುವ ಸಂಸ್ಥೆಗಳಿಗೆ ಹಲವು ಬ್ರ್ಯಾಂಡುಗಳ ಸರಕನ್ನು ದಾಸ್ತಾನು ಮಾದರಿಯಲ್ಲಿ ಗ್ರಾಹಕರಿಗೆ ಚಿಲ್ಲರೆಯಾಗಿ ಮಾರಲು ಭಾರತದಲ್ಲಿ ಅವಕಾಶವಿಲ್ಲದ ಕಾರಣ ಅಮೆಜಾನ್, ಫ್ಲಿಪ್‌ಕಾರ್ಟ್‌ನಂತಹ ದೊಡ್ಡ ತಾಣಗಳು ಈ ಮಾದರಿಯನ್ನು ಅನುಸರಿಸುತ್ತವೆ. ಒಂದೇ ವಸ್ತುವಿನ ಪುಟದಲ್ಲಿ ಹಲವು ಮಾರಾಟಗಾರರು ಬೇರೆ ಬೇರೆ ಬೆಲೆಗೆ ಮಾರಬಹುದು. ವಸ್ತುವಿನ ಬಗೆಗಿನ ನಕ್ಷತ್ರ ಗಣನೆಯೇ ಬೇರೆ, ಮಾರಾಟಗಾರನ ಬಗೆಗಿನ ಗಣನೆಯೇ ಬೇರೆ. ಈ ಎರಡನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಪ್ರಸಿದ್ಧ ತಾಣದಲ್ಲಿ ಕೊಂಡ ಮಾತ್ರಕ್ಕೆ ಆ ತಾಣವೇ ಮಾರಾಟಗಾರ ಎಂದಾಗುವುದಿಲ್ಲ. ಬಿಲ್ಲಿನ ಮೇಲಿರುವ ಹೆಸರೇ ಕಾನೂನಿನ ದೃಷ್ಟಿಯಲ್ಲಿ ಮಾರಾಟಗಾರನದು.

ಇವೆರಡರ ಜೊತೆಗೆ ಲ್ಯಾಪ್‌ಟಾಪ್ ತಯಾರಕರ ಸ್ವಂತ ಮಳಿಗೆಗಳೂ ಇವೆ. ಇವುಗಳಲ್ಲಿ ಬೆಲೆ ಕೆಲವೊಮ್ಮೆ ಹೆಚ್ಚಿರುತ್ತದೆಯಾದರೂ ವಾರಂಟಿಯ ಬಗೆಗೆ ಗೊಂದಲ ಕಡಿಮೆ. ಸಾಮಾಜಿಕ ಜಾಲತಾಣಗಳ ಪುಟಗಳು ಮತ್ತು ಸಂದೇಶ ಗುಂಪುಗಳ ಮೂಲಕ ನಡೆಯುವ ಮಾರಾಟದಲ್ಲಿ ನೋಂದಣಿ, ಬಿಲ್ಲು, ವಿಳಾಸ ಯಾವುದೂ ಇಲ್ಲದಿರುವ ಸಾಧ್ಯತೆ ಹೆಚ್ಚಾದ್ದರಿಂದ ಅದು ಅತ್ಯಂತ ಅಪಾಯದ ವರ್ಗಕ್ಕೆ ಸೇರುತ್ತದೆ.

ಮಾರಾಟಗಾರರ ಗುರುತಿನ ಪರಿಶೀಲನೆ

ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿಯೊಂದು ತಾಣವೂ ತನ್ನ ಕಾನೂನುಬದ್ಧ ಹೆಸರು, ಪ್ರಧಾನ ಕಚೇರಿಯ ಭೌಗೋಳಿಕ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ವಿವರ ಹಾಗೂ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಹುದ್ದೆಯನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು. ಕೇವಲ ಒಂದು ಸಂದೇಶ ಪೆಟ್ಟಿಗೆ ಅಥವಾ ಒಂದು ಮೊಬೈಲ್ ಸಂಖ್ಯೆಯನ್ನು ಮಾತ್ರ ಕೊಟ್ಟಿರುವ ತಾಣವು ಈ ನಿಯಮವನ್ನು ಪಾಲಿಸಿಲ್ಲವೆಂದೇ ಅರ್ಥ.

ಸರಕು ಮತ್ತು ಸೇವಾ ತೆರಿಗೆ ನೋಂದಣಿ ಸಂಖ್ಯೆಯು ಗುರುತಿನ ಪರಿಶೀಲನೆಗೆ ಸುಲಭವಾಗಿ ದೊರೆಯುವ ಸಾಧನ. ಇದರಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕದ ಸಂಕೇತ 29. ನಂತರದ ಹತ್ತು ನೋಂದಣಿದಾರರ ಪ್ಯಾನ್ ಸಂಖ್ಯೆ. ಜಿಎಸ್‌ಟಿಯ ಅಧಿಕೃತ ಜಾಲತಾಣದಲ್ಲಿ ಈ ಸಂಖ್ಯೆಯನ್ನು ಹುಡುಕಿದರೆ ವ್ಯಾಪಾರದ ಕಾನೂನುಬದ್ಧ ಹೆಸರು, ನೋಂದಣಿಯಾದ ದಿನಾಂಕ ಮತ್ತು ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ಯಾವ ಶುಲ್ಕವೂ ಇಲ್ಲದೆ ತಿಳಿಯುತ್ತದೆ. ತಾಣದಲ್ಲಿರುವ ಹೆಸರಿಗೂ ನೋಂದಣಿಯ ಹೆಸರಿಗೂ ಸಂಬಂಧವಿಲ್ಲದಿರುವುದು, ಹತ್ತಾರು ವರ್ಷಗಳ ಅನುಭವವನ್ನು ಹೇಳಿಕೊಳ್ಳುವ ಮಳಿಗೆಯ ನೋಂದಣಿ ಕಳೆದ ತಿಂಗಳಿನದಾಗಿರುವುದು ಇವು ಎಚ್ಚರಿಕೆಯ ಲಕ್ಷಣಗಳು. ಆದರೆ ಮೋಸಗಾರರು ಬೇರೊಬ್ಬರ ಅಸಲಿ ಸಂಖ್ಯೆಯನ್ನು ತಮ್ಮ ತಾಣದಲ್ಲಿ ಹಾಕಿಕೊಳ್ಳುವುದೂ ಸಾಧ್ಯ. ಆದ್ದರಿಂದ ಸಂಖ್ಯೆಯು ಚಾಲ್ತಿಯಲ್ಲಿದೆ ಎಂಬುದಷ್ಟೇ ಸಾಲದು. ವಿಳಾಸವೂ ಹಣ ಸೇರುವ ಖಾತೆಯ ಹೆಸರೂ ಅದಕ್ಕೆ ಹೊಂದಬೇಕು.

ವಿಳಾಸಪಟ್ಟಿಯ ಬೀಗದ ಚಿಹ್ನೆಯನ್ನು ಪ್ರಾಮಾಣಿಕತೆಯ ಗುರುತೆಂದು ತಿಳಿಯುವುದು ಸರಿಯಲ್ಲ. ಅದು ಗ್ರಾಹಕನ ಯಂತ್ರಕ್ಕೂ ತಾಣಕ್ಕೂ ನಡುವಿನ ಸಂಪರ್ಕ ಗೂಢಲಿಪೀಕರಣಗೊಂಡಿದೆ ಎಂಬುದನ್ನಷ್ಟೇ ಹೇಳುತ್ತದೆ. ಮೋಸದ ತಾಣವೂ ಅಂತಹ ಪ್ರಮಾಣಪತ್ರವನ್ನು ಉಚಿತವಾಗಿ ಪಡೆಯಬಹುದು. ಪ್ರಸಿದ್ಧ ಮಳಿಗೆಯ ಹೆಸರಿನಲ್ಲಿ ಒಂದು ಅಕ್ಷರವನ್ನು ಬದಲಿಸಿ ಅಥವಾ ಸೇರಿಸಿ ರಚಿಸಿದ ನಕಲಿ ತಾಣಗಳು ಹಬ್ಬದ ಮಾರಾಟದ ದಿನಗಳಲ್ಲಿ ಜಾಹೀರಾತುಗಳ ಮೂಲಕ ಹರಡುತ್ತವೆ. ಡೊಮೈನ್ ಹೆಸರು ನೋಂದಣಿಯಾದ ದಿನಾಂಕವನ್ನು ಸಾರ್ವಜನಿಕ 'ಹೂಈಸ್' ಸೇವೆಗಳಲ್ಲಿ ನೋಡಬಹುದು.

ಬೆಲೆ ಮತ್ತು ತೆರಿಗೆ

ಗಣಕಯಂತ್ರ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ ಸಾಮಾನ್ಯವಾಗಿ ಶೇಕಡಾ 18. ಉದಾಹರಣೆಗೆ, ತೆರಿಗೆ ಹೊರತಾದ ಬೆಲೆ 50,000 ರೂಪಾಯಿ ಇರುವ ಗ್ರಾಫಿಕ್ಸ್ ಕಾರ್ಡಿಗೆ 9,000 ರೂಪಾಯಿ ತೆರಿಗೆ ಸೇರಿ 59,000 ರೂಪಾಯಿ ಆಗುತ್ತದೆ. ಕರ್ನಾಟಕದ ಮಾರಾಟಗಾರ ಕರ್ನಾಟಕದ ಗ್ರಾಹಕನಿಗೆ ಮಾರಿದಾಗ ಈ ಮೊತ್ತವು ಕೇಂದ್ರ ತೆರಿಗೆ 4,500 ಮತ್ತು ರಾಜ್ಯ ತೆರಿಗೆ 4,500 ಎಂದು ಬಿಲ್ಲಿನಲ್ಲಿ ನಮೂದಾಗುತ್ತದೆ. ಬೇರೆ ರಾಜ್ಯದಿಂದ ಬಂದ ಸರಕಿಗೆ 9,000 ರೂಪಾಯಿಯ ಸಮಗ್ರ ತೆರಿಗೆ ಎಂದು ಒಂದೇ ಸಾಲಿನಲ್ಲಿರುತ್ತದೆ.

ಈ ಲೆಕ್ಕವು ಬಿಲ್ಲಿಲ್ಲದ ಅಗ್ಗದ ಮಾರಾಟದ ಗುಟ್ಟನ್ನು ತಿಳಿಸುತ್ತದೆ. ಇತರ ಮಳಿಗೆಗಳೆಲ್ಲ 59,000ದ ಆಸುಪಾಸಿನಲ್ಲಿ ಮಾರುವಾಗ ಒಬ್ಬನು 50,000ಕ್ಕೆ ಕೊಡುವುದಾಗಿ ಹೇಳಿದರೆ ಆ ವ್ಯತ್ಯಾಸವು ತೆರಿಗೆಯನ್ನು ತಪ್ಪಿಸಿದ್ದರಿಂದ ಬಂದಿರಬಹುದು. ಗ್ರಾಹಕನಿಗೆ 9,000 ಉಳಿದಂತೆ ಕಂಡರೂ, ಬಿಲ್ಲಿಲ್ಲದ ವಸ್ತುವಿಗೆ ಕೊಂಡ ದಿನಾಂಕದ ಆಧಾರವಿರುವುದಿಲ್ಲ. ಹೀಗಾಗಿ ವಾರಂಟಿ ಕೇಳುವುದೂ ಗ್ರಾಹಕ ಆಯೋಗದಲ್ಲಿ ವ್ಯವಹಾರವನ್ನು ಸಾಬೀತುಪಡಿಸುವುದೂ ಕಷ್ಟವಾಗುತ್ತದೆ. ಮಾರಿದ ಸರಕಿಗೆ ಬಿಲ್ಲು ಕೊಡದಿರುವುದನ್ನು 2019ರ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಪರಿಗಣಿಸುತ್ತದೆ.

ಬಿಡಿಭಾಗಗಳ ಚಿಲ್ಲರೆ ವ್ಯಾಪಾರದಲ್ಲಿ ಲಾಭಾಂಶ ಸಾಮಾನ್ಯವಾಗಿ ಕಡಿಮೆ. ಹೊಸ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡನ್ನು ಅರ್ಧ ಬೆಲೆಗೆ ಕೊಡುವುದು ಪ್ರಾಮಾಣಿಕ ವ್ಯಾಪಾರಿಗೆ ಸಾಧ್ಯವಾಗುವುದಿಲ್ಲ. ಹಾಗಾಗಿ ಅಂತಹ ಬೆಲೆಯು ವಸ್ತು ನಕಲಿ, ಹಳೆಯದು, ಕದ್ದದ್ದು ಅಥವಾ ಇಲ್ಲವೇ ಇಲ್ಲದ್ದು ಎಂಬ ನಾಲ್ಕು ಸಾಧ್ಯತೆಗಳಲ್ಲಿ ಒಂದನ್ನು ಸೂಚಿಸುತ್ತದೆ. ಗ್ರಾಫಿಕ್ಸ್ ಕಾರ್ಡುಗಳ ಕೊರತೆಯಿದ್ದ 2020–22ರ ಅವಧಿಯಂತೆ ಮಾರುಕಟ್ಟೆಯಲ್ಲಿ ಸರಕಿನ ಅಭಾವವಿರುವಾಗ ಇಂತಹ ಆಮಿಷಗಳು ಹೆಚ್ಚುತ್ತವೆ.

ಲ್ಯಾಪ್‌ಟಾಪ್‌ಗಳ ಬೆಲೆಯನ್ನು ಹೋಲಿಸುವಾಗ ಸರಣಿಯ ಹೆಸರನ್ನಲ್ಲ, ಪೂರ್ಣ ಮಾದರಿ ಸಂಖ್ಯೆಯನ್ನು ನೋಡಬೇಕಾಗುತ್ತದೆ. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಪ್ರೊಸೆಸರ್, ಪರದೆ, ರ‍್ಯಾಮ್ ಮತ್ತು ಬ್ಯಾಟರಿಗಳೊಂದಿಗೆ ಬರುತ್ತದೆ. ಅಗ್ಗದ ಆವೃತ್ತಿಯಲ್ಲಿ ವಿಂಡೋಸ್ ಪರವಾನಗಿ ಇಲ್ಲದಿರಬಹುದು; ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿದ್ದು ಮುಂದೆ ಹೆಚ್ಚಿಸಲು ಆಗದಿರಬಹುದು.

ವಾರಂಟಿ

ಬಿಡಿಭಾಗಗಳ ಖರೀದಿಯಲ್ಲಿ ಹೆಚ್ಚಿನ ತಕರಾರುಗಳಿಗೆ ಎಡೆಮಾಡುವ ವಿಷಯ ವಾರಂಟಿ. ಇದರಲ್ಲಿ ಮೂರು ಬಗೆಗಳಿವೆ.

ತಯಾರಕರ ವಾರಂಟಿ: ವಸ್ತುವಿನ ಸೀರಿಯಲ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹಲವು ತಯಾರಕರು ತಮ್ಮ ಜಾಲತಾಣದಲ್ಲಿ ಸೀರಿಯಲ್ ಸಂಖ್ಯೆಯನ್ನು ನಮೂದಿಸಿ ಅವಧಿಯನ್ನೂ ದೇಶವನ್ನೂ ತಿಳಿಯುವ ಅವಕಾಶ ಕೊಡುತ್ತಾರೆ.

ವಿತರಕರ ವಾರಂಟಿ: ಭಾರತದಲ್ಲಿ ಸ್ವಂತ ಸೇವಾ ಕೇಂದ್ರಗಳಿಲ್ಲದ ಬ್ರ್ಯಾಂಡುಗಳ ಪರವಾಗಿ ಅವುಗಳ ಅಧಿಕೃತ ವಿತರಕರು ಅಥವಾ ಅವರು ನೇಮಿಸಿದ ಸೇವಾ ಸಂಸ್ಥೆಗಳು ದುರಸ್ತಿ ಮತ್ತು ಬದಲಾವಣೆಯ ಹೊಣೆ ಹೊರುತ್ತವೆ. ರಾಶಿ ಪೆರಿಫೆರಲ್ಸ್, ರೆಡಿಂಗ್ಟನ್, ಇಂಗ್ರಾಮ್ ಮೈಕ್ರೋ ಮುಂತಾದವು ಭಾರತದ ದೊಡ್ಡ ವಿತರಕ ಸಂಸ್ಥೆಗಳು. ವಸ್ತುವಿನ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು-ವಿಳಾಸವಿರುವ ಚೀಟಿಯು ಸರಕು ಯಾವ ಮಾರ್ಗದಿಂದ ಬಂದಿತೆಂಬುದನ್ನು ಹೇಳುತ್ತದೆ.

ಮಾರಾಟಗಾರರ ವಾರಂಟಿ: ಅಂಗಡಿಯವನ ಮಾತಿನ ಮೇಲೆ ನಿಂತದ್ದು. ಅಂಗಡಿ ಮುಚ್ಚಿದರೆ ಅಥವಾ ತಾಣ ಕಣ್ಮರೆಯಾದರೆ ಈ ವಾರಂಟಿಯೂ ಅದರೊಂದಿಗೆ ಹೋಗುತ್ತದೆ.

ಅಧಿಕೃತ ವಿತರಕರನ್ನು ಬಿಟ್ಟು ಬೇರೆ ದೇಶದ ಮಾರುಕಟ್ಟೆಯಿಂದ ತಂದು ಮಾರುವ ಅಸಲಿ ಸರಕನ್ನು ಸಮಾನಾಂತರ ಆಮದು ಎನ್ನುತ್ತಾರೆ. ಇದು ನಕಲಿಯಲ್ಲ, ಆದರೆ ಭಾರತದಲ್ಲಿ ಅದಕ್ಕೆ ತಯಾರಕರ ವಾರಂಟಿ ಸಿಗದಿರಬಹುದು. ಇಂಟೆಲ್ ಸಂಸ್ಥೆಯು 2016ರಲ್ಲಿ, ಭಾರತದ ತನ್ನ ಅಧಿಕೃತ ವಿತರಕರಿಂದ ಕೊಂಡ ಪೆಟ್ಟಿಗೆಯ ಪ್ರೊಸೆಸರ್‌ಗಳಿಗೆ ಮಾತ್ರ ಭಾರತದಲ್ಲಿ ವಾರಂಟಿ ಸೇವೆ ನೀಡುವ ನೀತಿಯನ್ನು ಜಾರಿಗೆ ತಂದಿತು. ಈ ನೀತಿಯ ವಿರುದ್ಧ ಒಂದು ಆಮದು ಸಂಸ್ಥೆ ದೂರು ನೀಡಿದಾಗ ಭಾರತೀಯ ಸ್ಪರ್ಧಾ ಆಯೋಗವು 2019ರಲ್ಲಿ ತನಿಖೆಗೆ ಆದೇಶಿಸಿತು. ಅಗ್ಗದ ಸರಕು ಕೊಳ್ಳುವ ಗ್ರಾಹಕನ ಹಕ್ಕಿಗೂ ವಿತರಣಾ ಮಾರ್ಗದ ಮೇಲಿನ ತಯಾರಕರ ಹಿಡಿತಕ್ಕೂ ಇರುವ ತಿಕ್ಕಾಟಕ್ಕೆ ಈ ಪ್ರಕರಣ ಒಂದು ನಿದರ್ಶನ.

ಪ್ರೊಸೆಸರ್‌ಗಳಲ್ಲಿ 'ಟ್ರೇ' ಎಂಬ ಇನ್ನೊಂದು ಬಗೆಯಿದೆ. ಇವು ಗಣಕಯಂತ್ರ ತಯಾರಕರಿಗೆಂದು ಸಗಟಾಗಿ ಪೂರೈಸಿದವು. ಚಿಲ್ಲರೆ ಪೆಟ್ಟಿಗೆ ಇರುವುದಿಲ್ಲ. ಪೆಟ್ಟಿಗೆಯ ಇಂಟೆಲ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ ತಯಾರಕರಿಂದಲೇ ಮೂರು ವರ್ಷದ ವಾರಂಟಿಯಿದ್ದರೆ, ಟ್ರೇ ಪ್ರೊಸೆಸರ್‌ಗೆ ಮಾರಿದವರೇ ಹೊಣೆ. ಇದನ್ನು ಮರೆಮಾಚದೆ ಪುಟದಲ್ಲಿ ಸ್ಪಷ್ಟವಾಗಿ ಬರೆಯುವುದು ವಿಶ್ವಾಸಾರ್ಹ ಮಳಿಗೆಯ ಲಕ್ಷಣ.

ವಿದೇಶದಲ್ಲಿರುವ ಬಂಧುಗಳ ಮೂಲಕ ಲ್ಯಾಪ್‌ಟಾಪ್ ತರಿಸಿಕೊಳ್ಳುವ ರೂಢಿ ಕನ್ನಡಿಗರ ಕುಟುಂಬಗಳಲ್ಲೂ ಇದೆ. 18 ವರ್ಷ ತುಂಬಿದ ವಿಮಾನ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. 2023ರಲ್ಲಿ ಲ್ಯಾಪ್‌ಟಾಪ್ ಆಮದಿಗೆ ನಿರ್ಬಂಧ ಘೋಷಿಸಿದಾಗಲೂ ಅಂಚೆ ಅಥವಾ ಕೊರಿಯರ್ ಮೂಲಕ ಒಂದು ಯಂತ್ರವನ್ನು ಸುಂಕ ತೆತ್ತು ತರಿಸಿಕೊಳ್ಳಲು ಪರವಾನಗಿಯ ವಿನಾಯಿತಿ ನೀಡಲಾಯಿತು. ಆದರೆ ವಾರಂಟಿಯು ಅಂತರರಾಷ್ಟ್ರೀಯವೋ ಕೊಂಡ ದೇಶಕ್ಕಷ್ಟೇ ಸೀಮಿತವೋ ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ನಕಲಿ ಮತ್ತು ಬಳಸಿದ ಸರಕು

ಯಂತ್ರಾಂಶದಲ್ಲಿ ನಡೆಯುವ ಮೋಸಗಳು ವಸ್ತುವಿಗೆ ತಕ್ಕಂತೆ ಬೇರೆ ಬೇರೆ.

ಯುಎಸ್‌ಬಿ ಡ್ರೈವ್ ಮತ್ತು ಮೆಮೊರಿ ಕಾರ್ಡ್: ಕಡಿಮೆ ಸಾಮರ್ಥ್ಯದ ಚಿಪ್ಪಿನ ನಿಯಂತ್ರಕವನ್ನು ತಿದ್ದಿ ಹೆಚ್ಚಿನ ಸಾಮರ್ಥ್ಯವನ್ನು ತೋರಿಸುವಂತೆ ಮಾಡಲಾಗುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರೆದ ಕಡತಗಳು ಹಳೆಯವುಗಳ ಮೇಲೆಯೇ ಕುಳಿತು ಅಥವಾ ಬರೆಯಲ್ಪಡದೆಯೇ ನಾಶವಾಗುತ್ತವೆ. ಬಳಕೆದಾರನಿಗೆ ಇದು ತಿಳಿಯುವ ಹೊತ್ತಿಗೆ ಛಾಯಾಚಿತ್ರ, ದಾಖಲೆಗಳು ಕಳೆದುಹೋಗಿರುತ್ತವೆ. ಎಚ್‌2ಟೆಸ್ಟ್‌ಡಬ್ಲ್ಯೂ ಮತ್ತು ಎಫ್3 ಎಂಬ ಉಚಿತ ತಂತ್ರಾಂಶಗಳು ಇಡೀ ಜಾಗವನ್ನು ಬರೆದು ಮರಳಿ ಓದುವ ಮೂಲಕ ನಿಜವಾದ ಸಾಮರ್ಥ್ಯವನ್ನು ಪತ್ತೆಹಚ್ಚುತ್ತವೆ.

ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ: ಬಳಸಿದ ಡಿಸ್ಕನ್ನು ಹೊಸದೆಂದು ಮಾರುವುದುಂಟು. ಡಿಸ್ಕಿನ 'ಸ್ಮಾರ್ಟ್' ದಾಖಲೆಯಲ್ಲಿ ಅದು ಎಷ್ಟು ಗಂಟೆ ಚಾಲನೆಯಲ್ಲಿತ್ತೆಂಬ ಲೆಕ್ಕವಿರುತ್ತದೆ. ಹೊಸ ಡಿಸ್ಕಿನಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿರಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ತಂತ್ರಾಂಶಗಳಿಂದ ಇದನ್ನು ನೋಡಬಹುದು. ಈ ದಾಖಲೆಯನ್ನೂ ಅಳಿಸಲು ಸಾಧ್ಯ ಎಂಬುದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಹೊಸದೆಂದು ಮಾರಲಾದ ಸೀಗೇಟ್ ಡಿಸ್ಕುಗಳಲ್ಲಿ ಸ್ಮಾರ್ಟ್ ಲೆಕ್ಕ ಸೊನ್ನೆಯಿದ್ದರೂ, 'ಫಾರ್ಮ್' ಎಂಬ ತಯಾರಕರ ಒಳದಾಖಲೆಯು ಸಾವಿರಾರು ಗಂಟೆಗಳ ಬಳಕೆಯನ್ನು ತೋರಿಸಿತು.

ಗ್ರಾಫಿಕ್ಸ್ ಕಾರ್ಡ್: ಹಳೆಯ ಚಿಪ್ಪಿನ ಬಯೋಸ್ ತಿದ್ದಿ ಹೊಸ ಮಾದರಿಯ ಹೆಸರು ಕಾಣಿಸುವಂತೆ ಮಾಡಿದ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಜಿಪಿಯು-ಝೆಡ್ ತಂತ್ರಾಂಶವು 2018ರಿಂದ ಇಂತಹ ಹಲವು ಎನ್ವಿಡಿಯಾ ಕಾರ್ಡುಗಳನ್ನು ಗುರುತಿಸಿ ಹೆಸರಿನ ಜೊತೆಗೇ ನಕಲಿ ಎಂಬ ಸೂಚನೆಯನ್ನು ತೋರಿಸುತ್ತದೆ. ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದ ಕಾರ್ಡುಗಳನ್ನು ತೊಳೆದು ಹೊಸ ಪೆಟ್ಟಿಗೆಯಲ್ಲಿ ಮಾರುವುದು ಇನ್ನೊಂದು ಬಗೆ.

ಬ್ಯಾಟರಿ, ಅಡಾಪ್ಟರ್ ಮತ್ತು ಪವರ್ ಸಪ್ಲೈ: ಇವುಗಳ ನಕಲಿಯು ಹಣದ ನಷ್ಟಕ್ಕೆ ನಿಲ್ಲದೆ ಬೆಂಕಿಯ ಅಪಾಯವನ್ನೂ ತರುತ್ತದೆ. ಕಡ್ಡಾಯ ನೋಂದಣಿ ಆದೇಶದ ಅಡಿಯಲ್ಲಿ ಲ್ಯಾಪ್‌ಟಾಪ್, ಅಡಾಪ್ಟರ್, ಮರುಪೂರಣಗೊಳ್ಳುವ ಬ್ಯಾಟರಿ ಮುಂತಾದ ಸರಕುಗಳು ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗಿರಬೇಕು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಹೊಂದಿರಬೇಕು. ಬ್ಯೂರೋದ 'ಬಿಐಎಸ್ ಕೇರ್' ಎಂಬ ಮೊಬೈಲ್ ತಂತ್ರಾಂಶದಲ್ಲಿ ಈ ಸಂಖ್ಯೆಯ ಸತ್ಯಾಸತ್ಯತೆಯನ್ನು ಪರಿಶೀಲಿಸಬಹುದು. ಎಲ್ಲ ಬಿಡಿಭಾಗಗಳೂ ಈ ಆದೇಶಕ್ಕೆ ಒಳಪಡುವುದಿಲ್ಲ.

ನವೀಕರಿಸಿದ ಅಥವಾ ಪೆಟ್ಟಿಗೆ ತೆರೆದ ಸರಕನ್ನು ಮಾರುವುದು ಅಪರಾಧವಲ್ಲ. ಹಾಗೆಂದು ಹೇಳದೆ ಹೊಸದೆಂದು ಮಾರುವುದು ಮಾತ್ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ವಿಮರ್ಶೆಗಳು ಮತ್ತು ವಂಚಕ ವಿನ್ಯಾಸ

ಗ್ರಾಹಕರ ವಿಮರ್ಶೆಗಳು ಉಪಯುಕ್ತವಾದರೂ ಅವುಗಳನ್ನು ಹಣ ಕೊಟ್ಟು ಬರೆಸುವುದು ವ್ಯಾಪಕವಾಗಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳ ಸಂಗ್ರಹ ಮತ್ತು ಪ್ರಕಟಣೆಗೆ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಮಾರಾಟಗಾರನು ತಾನೇ ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು ಇ-ವಾಣಿಜ್ಯ ನಿಯಮಗಳು ನಿಷೇಧಿಸುತ್ತವೆ. ಕೆಲವೇ ದಿನಗಳಲ್ಲಿ ಒಮ್ಮೆಲೇ ಬಂದ ಒಂದೇ ಧಾಟಿಯ ಹೊಗಳಿಕೆಗಳು ಅಥವಾ ಬೇರೊಂದು ವಸ್ತುವಿನ ಬಗೆಗಿನ ಮಾತುಗಳು ಸಂಶಯಕ್ಕೆ ಕಾರಣವಾಗುತ್ತವೆ. ಮಳಿಗೆಯ ಗುಣವನ್ನು ಅರಿಯಲು ಹೊಗಳಿಕೆಗಿಂತ ದೂರುಗಳೇ ಹೆಚ್ಚು ನೆರವಾಗುತ್ತವೆ. ದೋಷಯುಕ್ತ ಸರಕು ಹೋದಾಗ ಮಳಿಗೆ ಏನು ಮಾಡಿತು, ಎಷ್ಟು ದಿನದಲ್ಲಿ ಹಣ ಮರಳಿಸಿತು ಎಂಬುದು ಅಲ್ಲಿ ತಿಳಿಯುತ್ತದೆ.

ಗ್ರಾಹಕನನ್ನು ಅರಿವಿಲ್ಲದಂತೆ ಖರೀದಿಗೆ ತಳ್ಳುವ ಪರದೆಯ ವಿನ್ಯಾಸಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿತು. ಇದರಲ್ಲಿ 13 ಬಗೆಯ ವಿನ್ಯಾಸಗಳನ್ನು ಹೆಸರಿಸಲಾಗಿದೆ. ಬಿಡಿಭಾಗಗಳ ಮಳಿಗೆಗಳಲ್ಲಿ ಇವು ಹಲವು ರೂಪಗಳಲ್ಲಿ ಕಾಣಸಿಗಬಹುದು. 'ಇನ್ನು ಒಂದೇ ಉಳಿದಿದೆ' ಎಂಬ ಸುಳ್ಳು ತುರ್ತು, ಕೇಳದೆಯೇ ಬುಟ್ಟಿಗೆ ಸೇರುವ ಹೆಚ್ಚುವರಿ ವಾರಂಟಿ ಮತ್ತು ಕೊನೆಯ ಹಂತದಲ್ಲಿ ಒಂದೊಂದಾಗಿ ಹೊರಬೀಳುವ ಶುಲ್ಕಗಳು ಅವುಗಳಲ್ಲಿ ಕೆಲವು.

ಪಾವತಿಯ ವಿಧಾನಗಳು

ಪಾವತಿಯ ವಿಧಾನವು ತಕರಾರು ಬಂದಾಗ ಹಣ ಮರಳಿ ಸಿಗುವ ಸಾಧ್ಯತೆಯನ್ನು ನಿರ್ಧರಿಸುತ್ತದೆ. ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ, ಸರಕು ಬಾರದಿದ್ದರೆ ಗ್ರಾಹಕನು ಬ್ಯಾಂಕಿನ ಮೂಲಕ 'ಚಾರ್ಜ್‌ಬ್ಯಾಕ್' ಕೋರಬಹುದು. ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಹಣ ತಕ್ಷಣವೇ ಇನ್ನೊಬ್ಬರ ಖಾತೆ ಸೇರುವುದರಿಂದ ಅದನ್ನು ಮರಳಿ ಪಡೆಯುವುದು ಕಷ್ಟ. ರಿಯಾಯಿತಿಯ ಆಸೆ ತೋರಿಸಿ ತಾಣದ ಪಾವತಿ ವ್ಯವಸ್ಥೆಯನ್ನು ಬಿಟ್ಟು ವ್ಯಕ್ತಿಯೊಬ್ಬರ ಖಾತೆಗೆ ನೇರವಾಗಿ ಹಣ ಹಾಕುವಂತೆ ಕೇಳುವುದು ಮೋಸದ ಪ್ರಮುಖ ಲಕ್ಷಣಗಳಲ್ಲಿ ಒಂದು.

ಯುಪಿಐನಲ್ಲಿ ಪಿನ್ ನಮೂದಿಸುವುದು ಸಾಮಾನ್ಯವಾಗಿ ಹಣ ಕಳುಹಿಸಲು. ಹಣ ಪಡೆಯಲು ಪಿನ್ ಬೇಕಿಲ್ಲ. ಮರುಪಾವತಿ ಮಾಡುತ್ತೇವೆಂದು ಹೇಳಿ ಕ್ಯೂಆರ್ ಸಂಕೇತ ಕಳುಹಿಸಿ ಪಿನ್ ಹಾಕಿಸುವವರು ಹಣ ಕಸಿಯುತ್ತಿದ್ದಾರೆಂದೇ ಅರ್ಥ. ಹುಡುಕು ತಾಣಗಳಲ್ಲಿ ಸಿಗುವ ಗ್ರಾಹಕ ಸೇವೆಯ ಸಂಖ್ಯೆಗಳಲ್ಲಿ ಕೆಲವು ಮೋಸಗಾರರವು. ಆದ್ದರಿಂದ ಸಂಖ್ಯೆಯನ್ನು ಮಳಿಗೆಯ ತಾಣದಿಂದ ಅಥವಾ ಬಿಲ್ಲಿನಿಂದಲೇ ಪಡೆಯುವುದು ಸುರಕ್ಷಿತ.

ವಸ್ತು ತಲುಪಿದ ಮೇಲೆ ನಗದು ಕೊಡುವ ವಿಧಾನವು ಸರಕೇ ಬಾರದಿರುವ ಅಪಾಯವನ್ನು ತಪ್ಪಿಸುತ್ತದೆ. ಆದರೆ ಪೆಟ್ಟಿಗೆಯೊಳಗೆ ಏನಿದೆಯೆಂಬುದು ಹಣ ಕೊಟ್ಟ ನಂತರವೇ ತಿಳಿಯುವುದರಿಂದ ಅದು ಪೂರ್ಣ ರಕ್ಷಣೆಯಲ್ಲ.

ಸರಕಿನ ಸ್ವೀಕಾರ

ಪೆಟ್ಟಿಗೆಯಲ್ಲಿ ಬೇರೆ ವಸ್ತುವೋ ಸಾಬೂನು, ಇಟ್ಟಿಗೆಯಂತಹ ತೂಕದ ವಸ್ತುವೋ ಬಂದ ಪ್ರಕರಣಗಳು ಆಗಾಗ ವರದಿಯಾಗುತ್ತವೆ. ಇಂತಹ ಸಂದರ್ಭದಲ್ಲಿ ಮಾರಾಟಗಾರ, ಸಾಗಣೆದಾರ, ಗ್ರಾಹಕ ಈ ಮೂವರಲ್ಲಿ ಯಾರ ಕೈಯಲ್ಲಿ ವಸ್ತು ಬದಲಾಯಿತೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಆದ್ದರಿಂದ ವಿಳಾಸದ ಚೀಟಿ, ನಾಲ್ಕೂ ಬದಿಯ ಅಂಟುಪಟ್ಟಿ, ತೆರೆಯುವ ಕ್ರಿಯೆ ಮತ್ತು ಸೀರಿಯಲ್ ಸಂಖ್ಯೆ ಇವೆಲ್ಲ ಕಾಣುವಂತೆ ನಡುವೆ ನಿಲ್ಲಿಸದೆ ವಿಡಿಯೊ ತೆಗೆಯುವುದು ರೂಢಿಗೆ ಬಂದಿದೆ. ಹಲವು ಮಳಿಗೆಗಳು ಇದನ್ನು ದೂರಿನ ಷರತ್ತನ್ನಾಗಿಯೇ ಮಾಡಿವೆ. ಕೆಲವು ತಾಣಗಳು ವಿತರಕನ ಎದುರಿಗೇ ಪೆಟ್ಟಿಗೆ ತೆರೆದು ನೋಡಿದ ನಂತರ ಒಟಿಪಿ ಹೇಳುವ ವ್ಯವಸ್ಥೆಯನ್ನು ಕೆಲವು ದುಬಾರಿ ವಸ್ತುಗಳಿಗೆ ಒದಗಿಸುತ್ತವೆ. ಪೆಟ್ಟಿಗೆ ತೆರೆಯುವ ಮೊದಲೇ ಒಟಿಪಿ ಕೊಟ್ಟರೆ ಈ ರಕ್ಷಣೆ ವ್ಯರ್ಥವಾಗುತ್ತದೆ.

ಮದರ್‌ಬೋರ್ಡಿನ ಪ್ರೊಸೆಸರ್ ಸಾಕೆಟ್‌ನ ಸೂಕ್ಷ್ಮ ಪಿನ್ನುಗಳು ಬಾಗಿದ್ದರೆ ಅದನ್ನು ಭೌತಿಕ ಹಾನಿಯೆಂದು ಪರಿಗಣಿಸಿ ವಾರಂಟಿಯನ್ನು ನಿರಾಕರಿಸುವುದು ಸಾಮಾನ್ಯ. ಹೀಗಾಗಿ ಜೋಡಣೆಗೆ ಮುನ್ನವೇ ಸಾಕೆಟ್‌ನ ಛಾಯಾಚಿತ್ರ ತೆಗೆದಿಡುವುದು ಗ್ರಾಹಕನಿಗೆ ಆಧಾರವಾಗುತ್ತದೆ. ಮೊದಲ ದಿನವೇ ಕೆಲಸ ಮಾಡದ ವಸ್ತುವನ್ನು ಬದಲಿಸಿಕೊಡುವ ಅವಧಿಯನ್ನು ಹಲವು ಮಳಿಗೆಗಳು ಕೆಲವೇ ದಿನಗಳಿಗೆ ಮಿತಗೊಳಿಸುತ್ತವೆ. ಬಿಡಿಭಾಗಗಳನ್ನು ತಿಂಗಳುಗಟ್ಟಲೆ ಒಂದೊಂದಾಗಿ ಕೊಂಡು ಕೊನೆಗೆ ಜೋಡಿಸುವವರಿಗೆ ಈ ಅವಧಿ ಪರೀಕ್ಷೆಗೆ ಮುನ್ನವೇ ಮುಗಿದಿರುತ್ತದೆ.

ಕಾನೂನಿನ ರಕ್ಷಣೆ

2020ರ ಇ-ವಾಣಿಜ್ಯ ನಿಯಮಗಳ ಮುಖ್ಯ ಅಂಶಗಳು ಹೀಗಿವೆ.

• ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಬೇಕು ಮತ್ತು ಒಂದು ತಿಂಗಳೊಳಗೆ ಪರಿಹರಿಸಬೇಕು.
• ಒಟ್ಟು ಬೆಲೆಯನ್ನು ಎಲ್ಲ ಶುಲ್ಕ ಮತ್ತು ತೆರಿಗೆಗಳ ವಿವರದೊಂದಿಗೆ ತೋರಿಸಬೇಕು.
• ವಸ್ತು ತಯಾರಾದ ದೇಶದ ಹೆಸರನ್ನು ಪ್ರಕಟಿಸಬೇಕು.
• ದೋಷಯುಕ್ತ, ನಕಲಿ ಅಥವಾ ವಿವರಣೆಗೆ ಹೊಂದದ ಸರಕನ್ನು ಮರಳಿ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ.
• ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ಗ್ರಾಹಕನ ಒಪ್ಪಿಗೆಯನ್ನು ಪಡೆದಂತೆ ದಾಖಲಿಸುವಂತಿಲ್ಲ.

'ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ' ಎಂಬ ಫಲಕವು ದೋಷಯುಕ್ತ ಸರಕಿನ ವಿಷಯದಲ್ಲಿ ಮಾರಾಟಗಾರನನ್ನು ಕಾಪಾಡುವುದಿಲ್ಲ. ಆದರೆ ದೋಷವಿಲ್ಲದ ವಸ್ತುವನ್ನು ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಮರಳಿಸುವ ಹಕ್ಕನ್ನು ಈ ನಿಯಮಗಳು ಕೊಡುವುದಿಲ್ಲ. ಅದು ಮಳಿಗೆಯ ಸ್ವಂತ ನೀತಿಗೆ ಬಿಟ್ಟದ್ದು. ತಪ್ಪು ಸಾಕೆಟ್‌ನ ಪ್ರೊಸೆಸರ್ ಕೊಂಡವರಿಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ದೂರು ಮತ್ತು ಪರಿಹಾರ

ಮಳಿಗೆಯ ಕುಂದುಕೊರತೆ ಅಧಿಕಾರಿಗೆ ಬರೆದ ದೂರಿಗೆ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಸೇವೆ ದೊರೆಯುತ್ತದೆ. ಇದು ನ್ಯಾಯಾಲಯವಲ್ಲ; ಸಂಸ್ಥೆಯೊಂದಿಗೆ ಮಾತುಕತೆಯ ಮೂಲಕ ದೂರನ್ನು ಬಗೆಹರಿಸಲು ಯತ್ನಿಸುವ ಸೇವೆ.

ಮುಂದಿನ ಹಂತ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಇದರ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 2019ರ ಕಾಯ್ದೆಯ ಮಹತ್ವದ ಬದಲಾವಣೆಯೆಂದರೆ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಹೀಗಾಗಿ ದೆಹಲಿಯ ಮಳಿಗೆಯಿಂದ ಕೊಂಡ ರಾಯಚೂರಿನ ಗ್ರಾಹಕನು ದೆಹಲಿಗೆ ಹೋಗಬೇಕಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ 'ಇ-ದಾಖಿಲ್' ಮತ್ತು 2025ರ ಜನವರಿಯಲ್ಲಿ 'ಇ-ಜಾಗೃತಿ' ಜಾಲತಾಣಗಳು ಆರಂಭವಾದ ಮೇಲೆ ಅಂತರಜಾಲದ ಮೂಲಕವೂ ದೂರು ಸಲ್ಲಿಸಲು ಸಾಧ್ಯವಾಗಿದೆ.

ತಾಣವೇ ನಕಲಿಯಾಗಿದ್ದರೆ ಅದು ಗ್ರಾಹಕ ವ್ಯಾಜ್ಯಕ್ಕಿಂತ ಮಿಗಿಲಾಗಿ ಸೈಬರ್ ಅಪರಾಧವಾಗುತ್ತದೆ. ಇದಕ್ಕಾಗಿ 1930 ಸಹಾಯವಾಣಿಯೂ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣವೂ ಇವೆ; ಕರ್ನಾಟಕದಲ್ಲಿ ಸಿಇಎನ್ ಪೊಲೀಸ್ ಠಾಣೆಗಳು ಇಂತಹ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಹೋಗುವ ಮೊದಲೇ ತಡೆಹಿಡಿಯಬೇಕಾದ್ದರಿಂದ ಇಲ್ಲಿ ದಿನಗಳಲ್ಲ, ಗಂಟೆಗಳ ಲೆಕ್ಕ. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ. ಆದರೆ ಮೋಸದ ಮಳಿಗೆಯನ್ನು ನಂಬಿ ಗ್ರಾಹಕನೇ ಮಾಡಿದ ಪಾವತಿಯು ಅನಧಿಕೃತ ವಹಿವಾಟು ಎನಿಸಿಕೊಳ್ಳುವುದಿಲ್ಲ.

ಮಿತಿಗಳು

ಕಾನೂನಿನಲ್ಲಿರುವ ರಕ್ಷಣೆಯೆಲ್ಲವೂ ಮಾರಾಟಗಾರನು ಪತ್ತೆಯಾಗುವಂಥವನು ಎಂಬ ಊಹೆಯ ಮೇಲೆ ನಿಂತಿದೆ. ವಿಳಾಸವೇ ಸುಳ್ಳಾಗಿದ್ದರೆ ನೋಟಿಸು ತಲುಪುವುದಿಲ್ಲ, ಆದೇಶ ಜಾರಿಯಾಗುವುದಿಲ್ಲ. ಮಾರುಕಟ್ಟೆ ಮಾದರಿಯ ತಾಣಗಳು ತಾವು ಮಧ್ಯವರ್ತಿಗಳು ಮಾತ್ರ ಎಂದು ವಾದಿಸಿ ಹೊಣೆಯನ್ನು ಮಾರಾಟಗಾರರ ಮೇಲೆ ಹೊರಿಸುವುದು ಗ್ರಾಹಕ ಆಯೋಗಗಳ ಮುಂದೆ ಪದೇ ಪದೇ ಬರುವ ವಿಷಯ. ಆಯೋಗಗಳಲ್ಲಿ ಪ್ರಕರಣಗಳು ಇತ್ಯರ್ಥವಾಗಲು ಕಾಯ್ದೆ ಹೇಳಿದ ಅವಧಿಗಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ಕೆಲವು ಸಾವಿರ ರೂಪಾಯಿಗಳ ರ‍್ಯಾಮ್‌ಗಾಗಿ ವರ್ಷಗಟ್ಟಲೆ ಅಲೆಯಲು ಹೆಚ್ಚಿನವರು ಮುಂದಾಗುವುದಿಲ್ಲ.

ಈ ಕಾರಣದಿಂದ ಖರೀದಿಗೆ ಮುನ್ನ ಮಾಡುವ ಪರಿಶೀಲನೆಯು ಖರೀದಿಯ ನಂತರದ ದೂರಿಗಿಂತ ಹೆಚ್ಚು ಫಲಕಾರಿ. ನೋಂದಣಿ ಸಂಖ್ಯೆ, ವಿಳಾಸ, ವಾರಂಟಿ ಕೊಡುವವರ ಹೆಸರು, ಹಿಂದಿರುಗಿಸುವ ಅವಧಿ ಮತ್ತು ಪಾವತಿಯ ಮಾರ್ಗ ಈ ಐದನ್ನು ನೋಡಲು ಕೆಲವು ನಿಮಿಷಗಳು ಸಾಕು. ಅಂಗಡಿಯ ಬೀದಿಗಳೂ ತಮ್ಮ ಉಪಯೋಗವನ್ನು ಕಳೆದುಕೊಂಡಿಲ್ಲ. ಜಾಲತಾಣವನ್ನೂ ಬೀದಿಯ ಅಂಗಡಿಯನ್ನೂ ಎರಡನ್ನೂ ನಡೆಸುವ ವ್ಯಾಪಾರಿಗಳಲ್ಲಿ, ದೋಷ ಕಂಡಾಗ ಹೋಗಿ ನಿಲ್ಲಬಹುದಾದ ಒಂದು ಬಾಗಿಲು ಇನ್ನೂ ಉಳಿದಿದೆ.

ಇವನ್ನೂ ನೋಡಿ

• ಗ್ರಾಹಕ ಸಂರಕ್ಷಣಾ ಕಾಯ್ದೆ, 2019
• ಇ-ವಾಣಿಜ್ಯ
• ಸರಕು ಮತ್ತು ಸೇವಾ ತೆರಿಗೆ
• ಭಾರತೀಯ ಮಾನಕ ಬ್ಯೂರೋ
• ಏಕೀಕೃತ ಪಾವತಿ ಸಂಪರ್ಕಸಾಧನ